ಅಡುಗೆಮನೆಯಿಂದ ಬಂದ ಕರೆ

“ಆ ದನಿಯನ್ನ ಕತ್ತರಿಸಿದ್ದು ನೀವೇನಾ?”

ಅವಳು ಬೆಚ್ಚಿ ಹೆಡ್‌ಫೋನ್ ತೆಗೆದಳು. ಬಾಗಿಲಲ್ಲಿ ನಿಂತಿದ್ದವನ ಕಣ್ಣು ಕೆಂಪಾಗಿತ್ತು.

“ಯಾವ ದನಿ?”

“‘ಮಗಾ’ ಅನ್ನೋ ಪದಕ್ಕೆ ನಾನು ಕಳಿಸಿದ ರೆಕಾರ್ಡಿಂಗ್. ಕೊನೇಲಿ ನಮ್ಮಮ್ಮ ಕರೀತಾಳೆ... ಕರೀತಿದ್ದಳು. ಹೋಗಿ ತಿಂಗಳಾಯ್ತು. ನನ್ನ ಫೋನೂ ಕೆಟ್ಟುಹೋಯ್ತು, ಅವಳ ದನಿ ಬೇರೆಲ್ಲೂ ಇಲ್ಲ ನನ್ನ ಹತ್ತಿರ.”



ಅದು ಮಾತಾಡುವ ನಿಘಂಟಿನ ಕಚೇರಿ. ಜನರ ಆಡುಮಾತನ್ನು ಅವರ ದನಿಯಲ್ಲೇ ಸಂಗ್ರಹಿಸಿ, ಅರ್ಥ ಮತ್ತು ಮೂಲ ಬರೆಯುತ್ತಿದ್ದರು. ಫ್ಯಾನಿನ ಸದ್ದು, ಕೆಮ್ಮು, ಪಾತ್ರೆಯ ಸಪ್ಪಳ ತೆಗೆದು ದನಿಯನ್ನು ಶುಚಿ ಮಾಡುವುದು ಅವಳ ಕೆಲಸ. ಶುಚಿಯಾದ ಮೇಲೆ ಮೊದಲಿನದನ್ನು ಅಳಿಸಿಬಿಡುವುದು ಅಲ್ಲಿನ ಪದ್ಧತಿ.

ಆ ರೆಕಾರ್ಡಿಂಗ್‌ನಲ್ಲಿ ಗೆಳೆಯನೊಬ್ಬ ಇವನಿಗೆ, “ಏನ್ ಮಗಾ, ಕಾಣ್ಸೋದೇ ಇಲ್ಲ!” ಅಂದಿದ್ದಷ್ಟೇ ಅವಳಿಗೆ ಸಾಕಾಗಿತ್ತು. ಹಿಂದಿನಿಂದ ತೇಲಿಬಂದ ಹೆಂಗಸಿನ ಕರೆಯನ್ನು ಗದ್ದಲವೆಂದು ತೆಗೆದಿದ್ದಳು.

“ಉಳಿದಿಲ್ಲ...” ಅವಳು ಹೆಡ್‌ಫೋನ್ ಮೇಜಿನ ಮೇಲಿಟ್ಟಳು. “ಆದರೆ ನನಗೆ ನೆನಪಿದೆ. ಕತ್ತರಿಸೋ ಮುಂಚೆ ಎಷ್ಟೋ ಸಲ ಕೇಳಿದ್ದೆ.”

ಅವನು ಕುರ್ಚಿಯಲ್ಲಿ ಕುಸಿದ. “ಹೇಳಿ.”

“‘ಮ’ ಮೆಲ್ಲಗೆ. ‘ಗಾ’ ಎಳೆದು, ಕೊನೆಗೆ ಸ್ವಲ್ಪ ಮೇಲಕ್ಕೆ. ಸಣ್ಣದೊಂದು ಉಸಿರು. ಆಮೇಲೆ, ‘ಊಟ ಆಯ್ತಾ?’ ಸೌಟು ಕೆಳಗಿಟ್ಟ ಸದ್ದು...”

ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

ಅಂದಿನಿಂದ ಅವನು ತನ್ನ ಕನ್ನಡಕದ ಅಂಗಡಿ ಮುಚ್ಚಿ ಸಂಜೆ ಸಂಜೆ ಬರತೊಡಗಿದ. ಅವಳು ಹೇಳುತ್ತಿದ್ದಳು, ಅವನು ಕೇಳುತ್ತಿದ್ದ.

“ಬಂದರಪ್ಪಾ ಚಷ್ಮಾ ಸಾಹೇಬರು!” ಸಂಪಾದಕರು ನಗುತ್ತಿದ್ದರು. “ಈಗಿನ ಹುಡುಗರೋ, ಹೆತ್ತ ಮಗನಿಗೂ ಮಗಾ, ಪಂಚರ್ ಹಾಕೋನಿಗೂ ಮಗಾ! ಇದರ ಮೂಲ ಎಲ್ಲಿಂದ ತರಲಿ ನಾನು?”

ಅವನು ತಗ್ಗಿದ ದನಿಯಲ್ಲಿ ಹೇಳಿದ: “ಆ ರೆಕಾರ್ಡಿಂಗ್‌ನಲ್ಲಿರೋ ನನ್ನ ಗೆಳೆಯನಿಗೆ ಚಿಕ್ಕಂದಿನಿಂದ ತಾಯಿ ಇರಲಿಲ್ಲ ಸರ್. ನಮ್ಮನೇಲೇ ಉಣ್ತಿದ್ದ. ಅಮ್ಮ ನನ್ನ ಕರೆಯೋದು ಕೇಳಿ ಕೇಳಿ ಅವನೂ ಮಗಾ ಅನ್ನೋಕೆ ಶುರುಮಾಡಿದ. ಎಲ್ಲರದ್ದು ಹೇಗೋ ಗೊತ್ತಿಲ್ಲ. ನಮ್ಮದು ಹೀಗೆ.”

ಅವಳ ಕೈ ನಿಂತುಬಿಟ್ಟಿತು. ಮೂಲ ಆ ದನಿಯಲ್ಲೇ ಇತ್ತು... ಅದನ್ನೇ ಕಸವೆಂದು ಗುಡಿಸಿ ಹಾಕಿದ್ದಳು!

ಮರುದಿನ ಅವನು ಬರಲಿಲ್ಲ. ಆ ವಾರವೂ ಇಲ್ಲ, ಮುಂದಿನ ವಾರವೂ ಇಲ್ಲ.

‘ನನ್ನ ಮುಖ ನೋಡಿದರೆ ಗಾಯ ಕೆದಕಿದ ಹಾಗಾಗುತ್ತೆ. ಹೇಗೆ ಕ್ಷಮಿಸ್ತಾನೆ?’ ಪ್ರತಿ ಸಂಜೆ ಖಾಲಿ ಕುರ್ಚಿ ಅವಳನ್ನು ಇರಿಯುತ್ತಿತ್ತು. ಕೊನೆಗೆ ತಡೆಯಲಾರದೆ ಅವನ ಅಂಗಡಿಗೇ ಹೋದಳು.

ಅವನು ಕನ್ನಡಕವೊಂದರ ಸ್ಕ್ರೂ ಬಿಗಿಯುತ್ತಿದ್ದ. ಅವಳನ್ನು ಕಂಡು ಸ್ಕ್ರೂಡ್ರೈವರ್ ಕೆಳಗಿಟ್ಟ.

“ಬೈಬೇಕಿದ್ರೆ ಬೈದುಬಿಡಿ,” ಅಂದಳು. “ಹೀಗೆ ಸುಮ್ಮನಿರಬೇಡಿ.”

“ನಿಮ್ಮ ಮೇಲೆ ಕೋಪ ಇಲ್ಲ ಕಣ್ರೀ... ನನ್ನ ಮೇಲೆ.” ಅವನು ತಲೆ ತಗ್ಗಿಸಿದ. “ಅಮ್ಮನ ದನಿಗೋಸ್ಕರ ಬರ್ತಿದೀನಿ ಅಂದ್ಕೊಂಡಿದ್ದೆ. ಒಂದಿನ ಕಣ್ಣು ಮುಚ್ಚಿದರೆ ಕೇಳಿಸಿದ್ದು ನಿಮ್ಮ ದನಿ. ಅಮ್ಮನದು ನೆನಪಿಗೇ ಬರಲಿಲ್ಲ! ಅವಳನ್ನ ಎರಡನೇ ಸಲ ಕಳಕೊಂಡ ಹಾಗಾಯ್ತು.”

ಅವಳ ಕೆನ್ನೆಯ ಮೇಲೆ ನೀರಿಳಿಯಿತು.

“ನನಗಿನ್ನೂ ನೆನಪಿದೆ. ನೀವು ಮರೆತಾಗೆಲ್ಲ ನಾನು ಹೇಳ್ತೀನಿ... ಬದುಕಿರೋವರೆಗೂ.”

ಅವನು ಕನ್ನಡಕ ಪಕ್ಕಕ್ಕಿಟ್ಟು ಅವಳತ್ತ ತಿರುಗಿದ.

“ಹೇಗಿತ್ತು ಅಂತ ಹೇಳೋದು ಬೇಡ. ಕರೀರಿ.”

“ನನಗೆ ಅಮ್ಮನ ಹಾಗೆ ಬರಲ್ಲ...”

“ಅವಳ ಹಾಗೆ ಬೇಡ. ನಿಮ್ಮ ಹಾಗೆ.”

ಅವಳು ಉಸಿರು ಎಳೆದುಕೊಂಡಳು.

“ಮಗಾ... ಊಟ ಆಯ್ತಾ?”

“ಇಲ್ಲ,” ಅಂದ ಅವನು, ಅಳುತ್ತಾ. “ನಿಂದು?”