ಎರಡು ಮಿಲಿಮೀಟರ್ ಸುಳ್ಳು

"ಇದನ್ನ ಸ್ಕ್ಯಾನ್ ಅಂತಾರಾ? ಮಂಜು ಕವಿದ ಕಿಟಕಿ ಅಂತಾರೆ."

ಸಾಂತಾಕ್ರೂಸ್‌ನ ಬಯಲಿನಿಂದ ಬೆಟ್ಟದೂರು ಕೋಚಬಾಂಬಾದ ಆಸ್ಪತ್ರೆಗೆ ಕಾಲಿಟ್ಟ ಮೊದಲ ದಿನ, ಸ್ಕ್ಯಾನ್ ಓದುವ ಡಾಕ್ಟರ್ ರೊಮುಲೊ ಆಡಿದ ಮೊದಲ ಮಾತು ಅದು! ಎದುರಿಗಿದ್ದವಳು ಹನ್ನೊಂದು ವರ್ಷದಿಂದ ಸಿ.ಟಿ. ಯಂತ್ರ ನಡೆಸುತ್ತಿದ್ದ ಡೆಲ್ಮೀರಾ. ಅವಳ ಮೈಯೆಲ್ಲ ಉರಿದುಹೋಯಿತು.

"ಕೆಳಗೆ ಸಾಂತಾಕ್ರೂಸ್ ಕಡೆ ಸೆಕೆ ಜಾಸ್ತಿ ಅಂತ ಕೇಳಿದ್ದೆ ಡಾಕ್ಟ್ರೇ. ತಲೆಗೂ ಏರುತ್ತೆ ಅಂತ ಗೊತ್ತಿರಲಿಲ್ಲ."

"ಬೆಟ್ಟದವರ ನಾಲಿಗೆ ಚೂಪು ಅಂತ ನಾನೂ ಕೇಳಿದ್ದೆ. ಸ್ಕ್ಯಾನೂ ಹಾಗೇ ಚೂಪಾಗಿರಲಿ."

ಅವತ್ತಿನಿಂದ ಎಂಟು ತಿಂಗಳು ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಅವನು ಬಲಕ್ಕೆ ಎಂದರೆ ಇವಳು ಎಡಕ್ಕೆ. ಹಾಗಂತ ಅವನು ರಜೆ ಹಾಕಿದ ದಿನ ಇವಳಿಗೆ ಊಟ ಸೇರುತ್ತಿರಲಿಲ್ಲ. ಜಗಳವಿಲ್ಲದೆ ಬೇಜಾರು ಅಷ್ಟೇ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು ಪುಣ್ಯಾತ್ಗಿತ್ತಿ.

ಈ ಶುಕ್ರವಾರ ಯಂತ್ರದಡಿ ಮಲಗಿದ್ದು ಅವಳ ಹೆತ್ತ ತಾಯಿ. ಸಂತೆಯಲ್ಲಿ ಆಲೂಗಡ್ಡೆ ಮಾರುವ ಸಾಬಿನಾಗೆ ಮೆದುಳಿನ ರಕ್ತನಾಳದಲ್ಲೊಂದು ಉಬ್ಬು ಇದೆ ಎಂದು ಹೋದ ವರ್ಷ ಗೊತ್ತಾಗಿತ್ತು. ಬೆಳೆಯದಿದ್ದರೆ ನೋಡಿಕೊಂಡಿರಬಹುದು, ಬೆಳೆದರೆ ಒಡೆಯುವ ಭಯ.

ರೊಮುಲೊ ಪರದೆಯಿಂದ ಕಣ್ಣು ಕೀಳದೆ ಹೇಳಿದ. "ಹೋದ ವರ್ಷ ನಾಲ್ಕು ಮಿಲಿಮೀಟರ್. ಈಗ ಆರು. ಬೆಳೆದಿದೆ. ಸೋಮವಾರವೇ ತಲೆಬುರುಡೆ ತೆರೀಬೇಕು."

"ನೀವು ಸರಿಯಾಗಿ ಅಳೆದಿಲ್ಲ."

"ನಿಮ್ಮಮ್ಮ ಅನ್ನೋ ಕಾರಣಕ್ಕೆ ಅಳತೆ ಬದಲಾಗಲ್ಲ. ಹೊರಗೆ ಹೋಗಿ."

ಹೊರಗೆ ಬೆಂಚಿನ ಮೇಲೆ ಸಾಬಿನಾ ಜಡೆ ಸರಿಮಾಡಿಕೊಳ್ಳುತ್ತಿದ್ದಳು. "ಏನಂತೆ ಮಗಳೇ? ನನ್ನ ಜಡೆ ಬೋಳಿಸ್ತಾರಾ?"

ಡೆಲ್ಮೀರಾ ಅಮ್ಮನ ಕಣ್ಣು ತಪ್ಪಿಸಿದಳು. ಏಕೆಂದರೆ ಆ ನಾಲ್ಕು ಎಲ್ಲಿಂದ ಬಂತು ಎಂದು ಅವಳೊಬ್ಬಳಿಗೇ ಗೊತ್ತು...

ಹೋದ ವರ್ಷ ಇದ್ದದ್ದು ಹಳೆಯ ಯಂತ್ರ. ಮೆದುಳಿನ ರಕ್ತನಾಳ ನೋಡಬೇಕಾದರೆ ತೆಳು ತೆಳು ಹೋಳುಗಳಾಗಿ ಚಿತ್ರ ತೆಗೆಯಬೇಕು, ಅದರಲ್ಲಿ ತುಂಬ ಹೊತ್ತು ಹಿಡಿಯುತ್ತಿತ್ತು. ಅಮ್ಮ ಒಳಗೆ ಮಲಗಿ "ಸಾಕು, ತೆಗಿ ನನ್ನನ್ನ" ಎಂದು ಅಳುತ್ತಿದ್ದಳು. ಡೆಲ್ಮೀರಾ ಕರಗಿಹೋದಳು. ದಪ್ಪ ಹೋಳು ತೆಗೆದು ಬೇಗ ಮುಗಿಸಿಬಿಟ್ಟಳು. ಬ್ರೆಡ್ಡನ್ನು ದಪ್ಪಗೆ ಕೊಯ್ದರೆ ಒಳಗಿನ ದ್ರಾಕ್ಷಿ ಅರ್ಧ ಮುಚ್ಚಿಹೋಗುತ್ತದಲ್ಲ, ಹಾಗೆ ಉಬ್ಬಿನ ತುದಿ ಮುಚ್ಚಿಹೋಗಿ, ಆರಿದ್ದದ್ದು ನಾಲ್ಕಾಗಿ ಕಂಡಿರಬೇಕು. ಅದನ್ನು ಅವಳು ಎಲ್ಲೂ ಬರೆದಿಡಲಿಲ್ಲ, ಯಾರಿಗೂ ಹೇಳಲಿಲ್ಲ.

ಹೇಳಿದರೆ ಕೆಲಸ ಹೋಗುತ್ತದೆ, ಅದೂ ಆ ಶತ್ರುವಿನ ಮುಂದೆ ತಲೆ ತಗ್ಗಿಸಿ. ಹೇಳದಿದ್ದರೆ ಅಮ್ಮನ ತಲೆ...

ಅವಳು ಬಾಗಿಲು ತಟ್ಟದೆ ಒಳಗೆ ನುಗ್ಗಿ ಎಲ್ಲ ಹೇಳಿದಳು.

ರೊಮುಲೊನ ಮುಖ ಕೆಂಪಾಯಿತು. "ಸಿ.ಟಿ. ನಡೆಸೋರಾ ನೀವು? ಒಂದು ವರ್ಷ ಬಾಯಿ ಮುಚ್ಕೊಂಡು ಕೂತಿದ್ರಲ್ಲ, ನಾಚಿಕೆ ಆಗಲ್ವಾ?"

"ಆಗುತ್ತೆ. ಬೈಯೋದು ಆಮೇಲೆ ಬೈರಿ. ಇವತ್ತಿನ ಸ್ಕ್ಯಾನನ್ನೇ ಹೋದ ವರ್ಷದಷ್ಟೇ ದಪ್ಪ ಹೋಳಾಗಿ ಮತ್ತೆ ಜೋಡಿಸ್ತೀನಿ, ನೀವು ಅಳೀರಿ. ಆಗ ನಾಲ್ಕೇ ಬಂದ್ರೆ..."

"ಬೆಳೆದಿಲ್ಲ ಅಂತ ಅರ್ಥ," ಅವನು ಮಾತು ಮುಗಿಸಿದ. "ಕೂತ್ಕೊಳ್ಳಿ. ಬೇಗ."

ಅವಳು ಕೂತು ಹೋಳುಗಳನ್ನು ದಪ್ಪ ಮಾಡಿದಳು. ಪರದೆಯ ಮೇಲೆ ಅದೇ ರಕ್ತನಾಳ ಮಸುಕಾಗಿ ಮೂಡಿತು. ಅವನು ಗೆರೆ ಎಳೆದು ಅಳೆದ. ಅಳಿಸಿ ಇನ್ನೊಮ್ಮೆ ಅಳೆದ.

"ನಾಲ್ಕು ಪಾಯಿಂಟ್ ಒಂದು."

ಡೆಲ್ಮೀರಾ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವನು ಸಮಾಧಾನ ಮಾಡಲಿಲ್ಲ, ಆ ಕಲೆ ಅವನಿಗೆಲ್ಲಿ ಗೊತ್ತು? ನೀರಿನ ಲೋಟ ತಂದು ಮುಂದಿಟ್ಟ.

"ಸರ್ಜನ್‌ಗೆ ನಾನೇ ಫೋನ್ ಮಾಡ್ತೀನಿ. ಸೋಮವಾರದ ಆಪರೇಷನ್ ಬೇಡ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್, ತೆಳು ಹೋಳಲ್ಲೇ. ಆದ್ರೆ ಹೋದ ವರ್ಷದ್ದು ನಾನು ಬರೀಲೇಬೇಕು."

"ನನ್ನ ಹೆಸರು ಹಾಕೇ ಬರೀರಿ."

"ನನ್ನದೂ ಬರೀತೀನಿ. ಹಳೇ ಹೋಳು ಎಷ್ಟು ದಪ್ಪ ಅಂತ ನೋಡದೆ ಆಪರೇಷನ್ ಅಂದವನು ನಾನು. ನಿಮ್ಮನ್ನ ಸೋಲಿಸೋ ಆತುರ..."

"ಅಷ್ಟು ದ್ವೇಷನಾ ನನ್ನ ಮೇಲೆ?"

"ದ್ವೇಷ ಆಗಿದ್ರೆ ಸಾಂತಾಕ್ರೂಸ್‌ಗೆ ವರ್ಗಾವಣೆ ಸಿಕ್ಕಾಗಲೇ ಹೋಗ್ತಿದ್ದೆ. ಎರಡು ಸಲ ಬೇಡ ಅಂದೆ." ಅವನ ದನಿ ತಗ್ಗಿತು. "ನಿಮ್ಮ ಜೊತೆ ಜಗಳ ಬಿಟ್ರೆ ಬೇರೆ ಏನು ಮಾತಾಡ್ಬೇಕು ಅಂತಾನೇ ಗೊತ್ತಾಗಲ್ಲ ನನಗೆ. ನೀವಂದ್ರೆ ಇಷ್ಟ ಡೆಲ್ಮೀರಾ."

ಇದನ್ನು ಹೇಳಲು ಇಂಥ ದಿನವೇ ಸಿಕ್ಕಿತಾ ಇವನಿಗೆ! ಅವಳು ಕಣ್ಣೊರೆಸಿಕೊಂಡಳು. ಕೋಪ ಹುಡುಕಿದಳು, ಎಲ್ಲೂ ಸಿಗಲಿಲ್ಲ.

"ನನಗೂ..." ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ನಾನು ಮಾಡಿದ್ದನ್ನ ಅಮ್ಮನಿಗೆ ಈಗ ಹೇಳ್ಬೇಕು. ಒಬ್ಬಳೇ ಹೇಳೋಕೆ ಭಯ ಆಗ್ತಿದೆ. ಬರ್ತೀರಾ?"

"ಬೈದ್ರೆ?"

"ಬೈತಾಳೆ. ನಿಮಗೂ ಸೇರಿಸಿ."

ಅವನು ಬಾಗಿಲು ತೆರೆದು ಕೈ ಚಾಚಿದ. "ಬೈಸಿಕೊಳ್ಳೋಣ ಬನ್ನಿ. ಇಬ್ಬರೂ."