ದೊರೆಯ ನೀಲಿ ಚುಕ್ಕಿಗಳು

"ಓದೋಕೆ ಬರುತ್ತೆ ತಾನೆ?" ಎಂದು ಪಾರ್ಕಿನ ವಾಚ್‌ಮನ್ ಕೋಲಿನಿಂದ ಬೋರ್ಡನ್ನು ಕುಟ್ಟಿದ.

ಗುಬ್ಬಿ ಓದಿದಳು. ಹುಲ್ಲಿನ ಮೇಲೆ ಕೂರುವಂತಿಲ್ಲ. ಚೆಂಡು ಆಡುವಂತಿಲ್ಲ. ನಾಯಿ ತರುವಂತಿಲ್ಲ.

"ಮತ್ತೆ ಇಲ್ಲಿ ಏನು ಮಾಡಬಹುದು ಅಂಕಲ್?"

"ಬೋರ್ಡ್ ಓದಬಹುದು," ಎಂದ ಆತ. ಅವನಿಗೇ ನಗು ಬಂತು. ಆದರೂ ಗೇಟು ಹಾಕಿಕೊಂಡ.

ಗುಬ್ಬಿಯ ಪಕ್ಕದಲ್ಲಿ, ಕಂಬಳಿ ಹೊದ್ದಂತೆ ಮೈತುಂಬ ಕೂದಲಿದ್ದ ನಾಯಿ ಬಾಲ ಆಡಿಸುತ್ತ ನಿಂತಿತ್ತು. ಅದರ ಹೆಸರು ದೊರೆ. ಅಮ್ಮನೇ ಇಟ್ಟ ಹೆಸರು. ಕೂತಲ್ಲಿಗೇ ಎಲ್ಲ ಬರಬೇಕು, ಕೆಲಸ ಮಾತ್ರ ಏನೂ ಇಲ್ಲ, ಇನ್ನೇನಂತ ಕರೆಯೋದು ಎಂದಿದ್ದಳು.

ಈಗ ದೊರೆಗೆ ಕಷ್ಟಕಾಲ. ಇಡೀ ದಿನ ರೂಮಿನಲ್ಲಿ ಕೂತು ಕೂತು ಬೇಸತ್ತು ಬಾಗಿಲನ್ನು ಕೆರೆದುಹಾಕಿತ್ತು. ಮನೆ ಓನರ್ ಬಂದು ಆ ಗೀರುಗಳನ್ನು ಬೆರಳಿನಿಂದ ಸವರಿ, ಏನೂ ಹೇಳದೆ ಹೋಗಿದ್ದರು. ಬೈದಿದ್ದರೇ ವಾಸಿ ಇತ್ತು.

"ಇದು ದಣಿಯೋ ಹಾಗೆ ದಿನಾ ಓಡಾಡಿಸೋಕೆ ಒಂದು ಜಾಗ ಹುಡುಕು," ಎಂದಿದ್ದಳು ಅಮ್ಮ. "ಒಂದು ವಾರ ಟೈಮ್. ಇಲ್ಲಾಂದ್ರೆ ಚಿಕ್ಕಪ್ಪನ ಮನೆಗೆ ಕಳಿಸೋದೇ."

ಗುಬ್ಬಿ ಹುಡುಕದ ಜಾಗವಿಲ್ಲ. ಮೈನ್ ರೋಡಿನಲ್ಲಿ ಬಸ್ಸಿನ ಹಾರ್ನಿಗೆ ಹೆದರಿ ದೊರೆ ಕಟಿಂಗ್ ಶಾಪಿಗೆ ನುಗ್ಗಿತು. ರೈಲು ಹಳಿಯ ಪಕ್ಕದ ದಾರಿಯಲ್ಲಿ ಬೀದಿನಾಯಿಗಳು ಟಿಕೆಟ್ ಕೇಳುವವರಂತೆ ಸಾಲಾಗಿ ನಿಂತಿದ್ದವು. ಫೋನಿನ ಮ್ಯಾಪಿನಲ್ಲಿ ಹಸಿರು ಕಂಡ ಕಡೆಗೆಲ್ಲ ಹೋದದ್ದೂ ಆಯಿತು. ಹಸಿರು ಇದ್ದಲ್ಲೆಲ್ಲ ಗೇಟಿತ್ತು. ಗೇಟಿದ್ದಲ್ಲೆಲ್ಲ ಬೀಗವಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ಅಮ್ಮ ಕೆಲಸ ಮಾಡುವ ಪಂಪ್‌ಹೌಸಿನ ಹಿಂದೆ.

ಬೆಟ್ಟದ ಮೇಲಿನ ಮನೆಗಳಿಗೆ ನೀರು ಹತ್ತಿಸುವುದು ಅಮ್ಮನ ಕೆಲಸ. ದಿನಾ ಮೋಟರ್ ಹಾಕಿ, ಬಸ್ಸಿನ ಸ್ಟೇರಿಂಗ್‌ನಷ್ಟು ದೊಡ್ಡ ವಾಲ್ವ್ ತಿರುಗಿಸಿ, ಪೈಪಿಗೆ ಕಿವಿ ಹಚ್ಚಿ ಕೇಳುತ್ತಿದ್ದಳು. ನೀರು ತುಂಬಿ ಹೋಗುವಾಗ ಒಂದು ಸದ್ದು, ಗಾಳಿ ಸೇರಿಕೊಂಡರೆ ಇನ್ನೊಂದು. ಆ ಕಪ್ಪು ಪೈಪಿನ ಪಕ್ಕದಲ್ಲೇ ಬೆಟ್ಟ ಹತ್ತುವ ಒಂದು ಕಾಲುದಾರಿ. ಪೈಪ್ ಎಲ್ಲಾದರೂ ಸೋರುತ್ತಾ ಎಂದು ನೋಡುವ ಕೆಲಸದ ತಾತ ಒಬ್ಬರು ದಿನಾ ನಡೆದು ನಡೆದು ಮಾಡಿದ್ದು. ತಾತ ರಿಟೈರ್ ಆಗಿ ನಾಲ್ಕು ವರ್ಷವಾಗಿತ್ತು. ಅವರ ಜಾಗಕ್ಕೆ ಬೇರೆ ಯಾರನ್ನೂ ಹಾಕಿರಲಿಲ್ಲ. ಪೈಪೇನು ಕಾಲು ಬಂದು ಓಡಿಹೋಗುತ್ತಾ ಎಂದಿದ್ದರಂತೆ ನೀರಿನ ಆಫೀಸಿನ ಸಾಹೇಬರು.

ಗುಬ್ಬಿ ಚೈನ್ ಬಿಚ್ಚಿದಳು. ದೊರೆ ಒಂದು ಕ್ಷಣ ನಂಬಲೇ ಇಲ್ಲ. ಆಮೇಲೆ ಕಿವಿಗಳನ್ನು ಹಿಂದಕ್ಕೆ ಹಾರಿಸಿಕೊಂಡು ಓಡಿತು.

ದೊರೆಗೆ ಕೂದಲು ಜಾಸ್ತಿ, ಬಾಯಾರಿಕೆಯೂ ಜಾಸ್ತಿ. ಗಂಟಲು ಒಣಗಿದರೆ ಕೂತುಬಿಡುತ್ತಿತ್ತು, ಎಳೆದರೂ ಏಳುತ್ತಿರಲಿಲ್ಲ. ಆದರೆ ಈ ದಾರಿಯಲ್ಲಿ ಆ ಚಿಂತೆಯೇ ಇರಲಿಲ್ಲ. ಪೈಪಿನ ಜಾಯಿಂಟ್ ಒಂದರಿಂದ ನೀರು ಪಿಚಕ್ಕನೆ ಚಿಮ್ಮಿ ಒಂದು ಪುಟ್ಟ ಗುಂಡಿ ತುಂಬಿತ್ತು. ದೊರೆ ಲಪಲಪ ಕುಡಿಯಿತು. ಇನ್ನೂ ಮೇಲೆ ಮತ್ತೊಂದು. ಅರ್ಧ ಬೆಟ್ಟದ ತನಕ ಒಟ್ಟು ಐದು.

ಮೂರು ದಿನ ಹೀಗೆ ಓಡಿದ ಮೇಲೆ ದೊರೆ ಬಾಗಿಲ ಕಡೆ ತಿರುಗಿಯೂ ನೋಡದೆ ಗೊರಕೆ ಹೊಡೆಯತೊಡಗಿತು. ಖುಷಿಗೆ ಗುಬ್ಬಿ ಡ್ರಾಯಿಂಗ್ ಹಾಳೆಯಲ್ಲಿ ದಾರಿಯ ಮ್ಯಾಪ್ ಬರೆದು ಅಮ್ಮನಿಗೆ ತೋರಿಸಿದಳು.

"ಈ ನೀಲಿ ಚುಕ್ಕಿ ಏನೇ?"

"ದೊರೆ ಹೋಟೆಲ್. ಐದು ಬ್ರಾಂಚ್ ಇದೆ. ಎಲ್ಲಾ ಕಡೆ ನೀರು ಫ್ರೀ."

ಅಮ್ಮ ನಗಲಿಲ್ಲ. ಚುಕ್ಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು. ಬೆಟ್ಟದವರು ಖಾಲಿ ಕೊಡ ಹಿಡಿದು ಇಳಿದು ಬಂದು ಪಂಪ್‌ಹೌಸಿನ ಮುಂದೆ ಕೂಗಾಡುತ್ತಿದ್ದದ್ದು ಗುಬ್ಬಿಗೂ ಗೊತ್ತಿತ್ತು. ಅವರಿಗೆ ಎಷ್ಟು ಕೊಟ್ಟರೂ ಸಾಲದು ಎಂದು ಸಾಹೇಬರು ಅಂದಿದ್ದರು. ನಾನು ವಾಲ್ವ್ ಪೂರ್ತಿ ಬಿಟ್ಟಿದ್ದೀನಿ ಎಂದು ಅಮ್ಮನೂ ಬೆಟ್ಟದವರ ಮೇಲೆ ರೇಗಿದ್ದಳು.

"ನನ್ನ ಕಿವಿಗೆ ಕೇಳೋದು ಪಂಪ್‌ಹೌಸಿನ ಸದ್ದು ಮಾತ್ರ, ದಾರೀಲಿ ಸೋರೋದಲ್ಲ," ಎಂದಳು ಅಮ್ಮ ಮೆಲ್ಲಗೆ. "ಈ ಹಾಳೆ ಕೊಡ್ತೀಯಾ? ಪೈಪ್ ಫಿಟರ್ ಅಣ್ಣನ್ನ ಕರ್ಕೊಂಡು ಹೋಗ್ಬೇಕು."

"ಎಲ್ಲಾ ಮುಚ್ಚಿಬಿಡ್ತೀರಾ? ದೊರೆಗೆ ನೀರು?"

ಅಮ್ಮ ಹಾಳೆ ಕಿತ್ತುಕೊಳ್ಳಲಿಲ್ಲ, ಕೈಚಾಚಿ ಕಾದಳು. ಗುಬ್ಬಿ ಹಾಳೆ ಕೊಟ್ಟಳು. ಕೊಟ್ಟು, ತಟ್ಟೆ ಎತ್ತಿಕೊಂಡು ದೊರೆಯ ಪಕ್ಕ ಹೋಗಿ ಕೂತು ಊಟ ಮಾಡಿದಳು.

ಎರಡು ದಿನ ಆ ಕಡೆ ಹೋಗಲಿಲ್ಲ. ಮೂರನೆಯ ದಿನ ದೊರೆ ಮತ್ತೆ ಬಾಗಿಲು ಕೆರೆಯಿತು. ಇನ್ನೇನು ಮಾಡುವುದು, ಹೊರಟರು.

ಮೊದಲನೆಯ ಜಾಯಿಂಟಿಗೆ ಹೊಸ ಕಬ್ಬಿಣದ ಪಟ್ಟಿ. ಗುಂಡಿ ಒಣಗಿತ್ತು. ದೊರೆ ಪಟ್ಟಿಯನ್ನು ಮೂಸಿ, ನೆಕ್ಕಿ, ಹೋಟೆಲ್ ಮುಚ್ಚಿದ್ದು ಇವಳಿಂದಲೇ ಎಂಬಂತೆ ಗುಬ್ಬಿಯನ್ನು ನೋಡಿತು. ಎರಡು, ಮೂರು, ನಾಲ್ಕು, ಎಲ್ಲವೂ ಒಣಗಿದ್ದವು. ಅವಳು ತಂದಿದ್ದ ಬಾಟಲಿ ದೊರೆಗೆ ನಾಲ್ಕು ಗುಟುಕಿಗೂ ಆಗಲಿಲ್ಲ. ಐದನೆಯದರ ಹತ್ತಿರ ಅದು ಕೂತುಬಿಟ್ಟಿತು.

ಮೇಲಿನಿಂದ ಕೊಡಗಳ ಸದ್ದು ಕೇಳಿದ್ದು ಆಗ. ದೊರೆಯ ಕಿವಿ ನೆಟ್ಟಗಾಯಿತು. ಮೆಲ್ಲನೆ ಎದ್ದು ಹತ್ತತೊಡಗಿತು. ಗುಬ್ಬಿ ಅಷ್ಟು ಮೇಲಕ್ಕೆ ಯಾವತ್ತೂ ಹೋಗಿರಲಿಲ್ಲ.

ತಗಡಿನ ಮನೆಗಳ ನಡುವೆ ಒಂದು ನಲ್ಲಿ. ನೀರು ಬೆರಳಿನಷ್ಟಲ್ಲ, ತೋಳಿನಷ್ಟು ದಪ್ಪ ಬೀಳುತ್ತಿತ್ತು. ಅಜ್ಜಿಯೊಬ್ಬರು ತುಂಬಿದ ಕೊಡವನ್ನು ಸರಿಸಿ ದೊರೆಯನ್ನು ನೋಡಿದರು.

"ಏನು ಮಗಾ, ಕರಡೀನ ಸಾಕಿದ್ದೀಯಾ?" ಎನ್ನುತ್ತ ಒಂದು ಬೋಗುಣಿ ತುಂಬಿ ಅದರ ಮುಂದಿಟ್ಟರು. "ಕುಡೀಲಿ, ಹೊಟ್ಟೆ ತುಂಬ. ನಿನ್ನೆಯಿಂದ ನಮಗೂ ಬರ್ತಿದೆ. ನಾಲ್ಕು ವರ್ಷ ಕೆಳಗಿಂದ ಹೊತ್ತು ಹೊತ್ತು ಈ ಭುಜ ನೋಡು, ವಾಲ್ಕೊಂಡೇ ಹೋಯ್ತು."

ಗುಬ್ಬಿ ನೋಡಿದಳು. ಅಜ್ಜಿಯ ಒಂದು ಭುಜ ನಿಜಕ್ಕೂ ಇನ್ನೊಂದಕ್ಕಿಂತ ಕೆಳಗಿತ್ತು.

ಮ್ಯಾಪಿನ ವಿಷಯ ಗುಬ್ಬಿಯ ಬಾಯಿವರೆಗೆ ಬಂತು. ಅಷ್ಟರಲ್ಲಿ ದೊರೆ ಬೋಗುಣಿ ಖಾಲಿ ಮಾಡಿತು. ಗುಬ್ಬಿ ಮುಂದಿನ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು. ತುಂಬಿದ ಮೇಲೆ ಇನ್ನೊಂದು ಇಟ್ಟಳು. ನಾಳೆಯೂ ಬಾ, ಈ ಬೋಗುಣಿ ಇನ್ಮೇಲೆ ಕರಡಿದೇ ಎಂದರು ಅಜ್ಜಿ.

ಇಳಿಯುವಾಗ ಐದನೆಯ ಜಾಯಿಂಟಿನ ಹತ್ತಿರ ಗುಬ್ಬಿ ನಿಂತಳು. ಮಂಡಿಯೂರಿ, ಅಮ್ಮನ ಹಾಗೆ ಕಣ್ಣು ಮುಚ್ಚಿ, ತಣ್ಣನೆಯ ಪೈಪಿಗೆ ಕಿವಿ ಹಚ್ಚಿದಳು. ಒಳಗೆ ನೀರು ಗುಂಯ್ ಎನ್ನುತ್ತ ಎಲ್ಲೂ ನಿಲ್ಲದೆ ಮೇಲಕ್ಕೆ ಹತ್ತುತ್ತಿತ್ತು.

ದೊರೆಯೂ ಬಂದು ಪಕ್ಕದಲ್ಲಿ ತಲೆ ಆನಿಸಿತು.