ಮುಚ್ಚಿಟ್ಟಿದ್ದು ಸಾಕು

"ನಿಮ್ಮ ಯಜಮಾನರು ಎಲ್ಲಿ?"

ಬಾಗಿಲಲ್ಲಿ ನಿಂತಿದ್ದವಳು ಮಕ್ಕಳ ರಕ್ಷಣಾ ಅಧಿಕಾರಿ. ಟೈಲರಮ್ಮನ ಕೊರಳಲ್ಲಿ ಅಳತೆ ಟೇಪು, ಕಾಲು ತಬ್ಬಿಕೊಂಡು ನಿಂತ ಪುಟ್ಟ ಮಗಳು ಗುಬ್ಬಿ.

"ಡ್ಯೂಟಿಗೆ ಹೋಗಿದ್ದಾರೆ ಮೇಡಂ."

ಶುದ್ಧ ಸುಳ್ಳು! ಗಂಡ ಒಳಕೋಣೆಯಲ್ಲಿ ಮತ್ತಿನಲ್ಲಿ ಬಿದ್ದಿದ್ದ. ಬಸ್ ಓಡಿಸುತ್ತಿದ್ದವನು. ಬೆನ್ನುನೋವಿಗೆಂದು ಶುರುವಾದ ಮಾತ್ರೆ ಅವನ ಕೆಲಸವನ್ನು ಎಂದೋ ನುಂಗಿತ್ತು, ಈಗ ಮನೆಗೇ ಬಾಯಿ ಹಾಕಿತ್ತು. ಇವಳೇನು ಕಮ್ಮಿಯೇ? ಮುಚ್ಚಿಹಾಕುವುದರಲ್ಲಿ ನಿಸ್ಸೀಮಳು! ನೆರೆಯವರಿಗೆ 'ಜ್ವರ', ಅತ್ತೆಗೆ 'ಸುಸ್ತು', ತನಗೆ ತಾನೇ 'ನಾಳೆಯಿಂದ ಸರಿಹೋಗ್ತಾರೆ'...

ಅಧಿಕಾರಿ ಒಳಕೋಣೆಯ ಬಾಗಿಲು ತಳ್ಳಿದಳು.

"ಅವರ ಚಟಕ್ಕೆ ಚಿಕಿತ್ಸೆ ಇದೆಯಮ್ಮಾ. ನಿಮ್ಮ ಸುಳ್ಳಿಗೆ ನಾನೇನು ಮಾಡ್ಲಿ? ಮಗು ಸದ್ಯಕ್ಕೆ ಅಜ್ಜಿ ಹತ್ರ ಇರಲಿ."

"ದೂರು ಕೊಟ್ಟೋರು ಯಾರು?"

"ಹೇಳೋ ಹಾಗಿಲ್ಲ."

ಹೇಳುವುದೇನು ಬಂತು... ಅತ್ತೆಯೇ! ಇನ್ಯಾರು?

ಎಚ್ಚರವಾದ ಗಂಡ ಬ್ಯಾಗು ತುಂಬಿದ. "ಚಿಕಿತ್ಸಾ ಕೇಂದ್ರಕ್ಕೆ ಸೇರ್ಕೋತೀನಿ ಕಣೇ."

"ಮಗಳು ಹೋದ್ಮೇಲೆ ಬುದ್ಧಿ ಬಂತಾ? ಹೋಗಿ! ತಿರುಗಿ ಈ ಕಡೆ ಮುಖ ಹಾಕ್ಬೇಡಿ!"

ತಿಂಗಳುಗಳು ಉರುಳಿದವು. ಅಧಿಕಾರಿಯ ಎದುರಿನಲ್ಲೇ ಮಗಳನ್ನು ನೋಡಲು ಟೈಲರಮ್ಮ ಅತ್ತೆಯ ಮನೆಗೆ ಹೋಗುತ್ತಿದ್ದಳು. ಅತ್ತೆಯೊಂದಿಗೆ ಮಾತಿಲ್ಲ, ಕತೆಯಿಲ್ಲ.

"ಅಜ್ಜಿ ಜೊತೆ ಠೂ ಬಿಟ್ಟಿದ್ಯಾ ಅಮ್ಮಾ?" ಎಂದಳು ಒಂದು ದಿನ ಗುಬ್ಬಿ.

ಟೈಲರಮ್ಮ ತಡೆಯಲಾರದೆ ಸಿಡಿದಳು. "ನನ್ ಮಗೂನ ಕಿತ್ಕೊಂಡು ಹೊಟ್ಟೆ ತಣ್ಣಗಾಯ್ತಾ ಅತ್ತೆ?"

"ನಾನಾ? ಫೋನ್ ನಂದು ಕಣೇ, ಮಾತಾಡಿದ್ದು ನಿನ್ ಗಂಡ! ಗುಬ್ಬಿಗೆ ಸ್ನಾನ ಮಾಡಿಸ್ತಾ ಟಬ್ ಪಕ್ಕದಲ್ಲೇ ತೂಕಡಿಸಿದ್ನಂತೆ. ಕಣ್ಣು ಬಿಟ್ರೆ ನೀರು ಮಗು ಗಲ್ಲದ ತನಕ... ಎತ್ಕೊಂಡು ಇಲ್ಲಿಗೆ ಓಡಿ ಬಂದ. 'ನನ್ನಿಂದ ನನ್ ಮಗೂನ ಕಾಪಾಡಿ' ಅಂತ ತಾನೇ ಬೇಡ್ಕೊಂಡ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

ಟೈಲರಮ್ಮ ಗುಬ್ಬಿಯನ್ನು ಎಳೆದು ತಬ್ಬಿಕೊಂಡಳು. ಅದನ್ನೂ ಮುಚ್ಚಿಹಾಕ್ತಿದ್ದೆ... ಅಯ್ಯೋ, ಗಂಡನಿಗಿದ್ದ ಧೈರ್ಯ ನನಗಿರಲಿಲ್ಲವಲ್ಲ!

ಮಕ್ಕಳ ಕಲ್ಯಾಣ ಸಮಿತಿಯ ವಿಚಾರಣೆಯ ದಿನ ಗಂಡ ಎದುರು ಕುರ್ಚಿಯಲ್ಲಿದ್ದ. ಕೆನ್ನೆ ತುಂಬಿಕೊಂಡಿತ್ತು. ಕೈ ನಡುಗುತ್ತಿರಲಿಲ್ಲ. ರಕ್ತ ಪರೀಕ್ಷೆಗಳೆಲ್ಲಾ ಚೊಕ್ಕ.

"ಮಗು ಮನೆಗೆ ಬಂದ್ರೆ, ಮತ್ತೆ ನೀವು ಮುಚ್ಚಿಡಲ್ಲ ಅಂತ ಹೇಗೆ ನಂಬೋದು?" ಸಮಿತಿಯ ಹಿರಿಯರು ಅವಳನ್ನೇ ಕೇಳಿದರು.

ಟೈಲರಮ್ಮ ಎದ್ದು ನಿಂತಳು. "ಇವರು ಮಾತ್ರೆ ನುಂಗಿದ್ದು ಗೊತ್ತಿದ್ದೂ ಮಗೂನ ಕೈಗೆ ಕೊಟ್ಟು ಹೊಲಿಯೋಕೆ ಕೂತಿದ್ದೆ ಸಾರ್. ಆವತ್ತು ಮಗು ಮುಳುಗಿದ್ರೆ ಅರ್ಧ ತಪ್ಪು ನಂದೇ."

ಗಂಡ ಬೆಚ್ಚಿ ತಲೆಯೆತ್ತಿದ. ಇವಳಿಗೆ ಗೊತ್ತಾಗಿದೆ!

ಅಧಿಕಾರಿ ಮೊದಲ ಬಾರಿಗೆ ನಕ್ಕಳು. "ಈ ಮಾತಿಗೇ ಕಾಯ್ತಿದ್ದೆ. ನನ್ ಕಡೆಯಿಂದ ಒಪ್ಪಿಗೆ. ಆದ್ರೆ ಮನೆಗೆ ಬಂದು ನೋಡ್ತಾನೇ ಇರ್ತೀನಿ!"

"ದಿನಾ ಬನ್ನಿ ಮೇಡಂ!"

ಗೆದ್ದರು! ಕಾರಿಡಾರಿನುದ್ದಕ್ಕೂ ಗುಬ್ಬಿ ಕುಣಿಯುತ್ತಾ ಮುಂದೆ ಓಡಿದಳು. ಗಂಡ ಮಾತ್ರ ಬಾಗಿಲ ಬಳಿಯೇ ನಿಂತ.

"ಏನ್ರೀ, ಆಹ್ವಾನ ಪತ್ರಿಕೆ ಬೇಕಾ?"

"ನೀನೇ ಮುಖ ಹಾಕ್ಬೇಡಿ ಅಂದಿದ್ದೆ..."

"ಆ ಮುಖ ಬೇರೆ. ಈ ಮುಖ ನಂದು."

ಅವನ ಕಣ್ಣು ತುಂಬಿತು. "ನಾನು ಮತ್ತೆ ಜಾರಿದ್ರೆ?"

"ಅವತ್ತೇ ಮೇಡಂಗೆ ಫೋನ್ ಮಾಡ್ತೀನಿ. ಒಂದು ನಿಮಿಷಾನೂ ಮುಚ್ಚಿಡಲ್ಲ."

"ನನ್ನಾಣೆ?"

ಅವಳು ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದಳು.

"ನಿಮ್ಮಾಣೆ. ಬನ್ನಿ ಮನೆಗೆ."